ಎರಡು ಸಲ ಸೋಸಿದ ಸರ್ವರ್

ಬಾಪುಸಾಹೇಬ ಮಗದುಮರು ಕೀಲಿ ಹಾಕಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು ಅದನ್ನು ಜಗ್ಗಿ ನೋಡದ ದಿನವನ್ನು ನಿಪ್ಪಾಣಿಯಲ್ಲಿ ಯಾರೂ ಕಂಡಿಲ್ಲ. ಕೊಗನೊಳ್ಳಿಯಿಂದ ಬಸ್ಸಿಗೆ ಬರುವಾಗ ಕಂಡಕ್ಟರ ಹರಿದು ಕೊಟ್ಟ ಟಿಕೀಟನ್ನೂ ಬೆಳಕಿಗೆ ಹಿಡಿದು ಓದುತ್ತಿದ್ದರು. ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸುವುದು ಅವರ ಜೈನ ಮನೆತನದ ಪದ್ಧತಿ. ಹೆಂಡತಿ ಜಿನಮತಿ ಸೋಸಿಟ್ಟ ನೀರನ್ನು ಇವರು ಇನ್ನೊಮ್ಮೆ ಸೋಸುತ್ತಿದ್ದರು. ಆ ತಾಯಿ ಏನೂ ಅನ್ನುತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅನ್ನುವುದನ್ನೆಲ್ಲ ಅಂದು ಮುಗಿಸಿದ್ದಳು.

ಇಂಥ ಮನುಷ್ಯ ಸಾವಕಾರ ವಿರುಪಾಕ್ಷಪ್ಪನವರ ತಂಬಾಕು ವ್ಯಾಪಾರದ ಪೇಢಿಗೆ ಮ್ಯಾನೇಜರು. ೨೦೦೭ರ ಹೊತ್ತಿಗೆ ಪರದೇಶದ ಗಿರಾಕಿಗಳ ಮಾತುಕತೆಯೆಲ್ಲ ಇಮೇಲಿಗೆ ಬಂದಿತ್ತು. ಹಿಂದಿನ ಕೋಣೆಯ ಸರ್ವರಿನಲ್ಲಿ, ಒಂದೇ ಡೇಟಾಬೇಸಿನೊಳಗೆ, ಪೇಢಿಯ ಐದು ವರ್ಷದ ಪತ್ರಗಳು ಕೂತಿದ್ದವು. ಅದನ್ನು ನೋಡಿಕೊಳ್ಳುವವಳು ಬೋರಗಾಂವದ ಮಯೂರಿ. ಕೈಯಲ್ಲಿ ಹಿಡಿಯಲಾಗದ ಕಾಗದ, ಅದಕ್ಕೆ ಬೇರೆಯವರ ಕಾವಲು! ಬಾಪುಸಾಹೇಬರಿಗೆ ಸಮಾಧಾನ ಎಲ್ಲಿಂದ ಬರಬೇಕು? ಹಟ ಹಿಡಿದು ಪಾಸ್‌ವರ್ಡನ್ನು ತಾವೂ ಬರೆದಿಟ್ಟುಕೊಂಡಿದ್ದರು.

ಒಂದು ಸೋಮವಾರ ಯಾರ ಟೇಬಲ್ಲಿನಲ್ಲೂ ಇಮೇಲ್ ತೆರೆಯಲಿಲ್ಲ. ಹಿಂದಿನ ವಾರ ಮಯೂರಿ ರಜೆ ಕೇಳಿದ್ದಳು, ಬಾಪುಸಾಹೇಬರು ಕೊಟ್ಟಿರಲಿಲ್ಲ, ಅವಳು ಮುಖ ಊದಿಸಿಕೊಂಡು ಹೋಗಿದ್ದಳು. ಇನ್ನೇನು ಬೇಕು! ಸೀದಾ ಸಾವಕಾರರ ಮುಂದೆ ಹೋಗಿ ನಿಂತರು.

“ಆಕೀನ ಅಳಿಸ್ಯಾಳ್ರಿ. ನನಗ ಮೊದಲಿಂದ ಡೌಟ ಇತ್ತು.”

“ಸಂಜೀತನಕ ಪತ್ರ ತಿರುಗಿ ಬರಬೇಕು. ಬರಲಿಲ್ಲಂದ್ರ ಆಕೀಗೆ ನಾಳಿಂದ ಕೆಲಸಿಲ್ಲ,” ಎಂದರು ವಿರುಪಾಕ್ಷಪ್ಪ.

ಬೋರಗಾಂವದಲ್ಲಿ ಮಯೂರಿಯ ಗಂಡನ ಪವರ್‌ಲೂಮ್ ನಿಂತು ಆರು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದುದು ಅವಳ ಪಗಾರದ ಮೇಲೆ. ಅವಳು ಸರ್ವರಿನ ಮುಂದೆ ಕೂತಳು. ಬಾಪುಸಾಹೇಬರು ಅವಳ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡರು. ಮೊದಲು ಅವಳು ಕೆಟ್ಟ ಡೇಟಾಬೇಸನ್ನೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿದಳು.

“ಕೆಟ್ಟಿದ್ದಕ್ಕ ನಕಲ ಯಾಕ ಬೇ?”

“ರಿಪೇರಿ ಮಾಡಾಕ ಹೋಗಿ ಇನ್ನಷ್ಟು ಕೆಡಬಾರದಲ್ರಿ ಕಾಕಾ.”

ಅದನ್ನೂ ಬಾಪುಸಾಹೇಬರು ಡೈರಿಯಲ್ಲಿ ಬರೆದುಕೊಂಡರು, ಮುಂದೆ ಸಾಕ್ಷಿಗೆ ಬೇಕಾದೀತು ಎಂದು. ಆಮೇಲೆ ಮಯೂರಿ ಕಾರಣ ಹುಡುಕತೊಡಗಿದಳು. ಸರ್ವರಿನಲ್ಲಿ ಒಂದಲ್ಲ, ಎರಡು ಆಂಟಿವೈರಸ್ ಇದ್ದವು. ಹೊಸದು ಡೇಟಾಬೇಸಿನದೇ ಒಂದು ಫೈಲನ್ನು ವೈರಸ್ ಎಂದು ತಿಳಿದು ಎತ್ತಿ ಬೇರೆ ಕಡೆ ಕೂಡಿಹಾಕಿತ್ತು. ಅದಿಲ್ಲದೆ ಉಳಿದದ್ದು ತೆರೆಯುತ್ತಿರಲಿಲ್ಲ. ಪಕ್ಕದಲ್ಲಿ ಹೊತ್ತು ನಮೂದಾಗಿತ್ತು: ಭಾನುವಾರ, ಹನ್ನೊಂದೂ ಹತ್ತು.

ಬಾಪುಸಾಹೇಬರು ಡೈರಿ ಮುಚ್ಚಿದರು. ಭಾನುವಾರ ಪೇಢಿಗೆ ಸೂಟಿ, ಕೀಲಿ ಇರುವುದು ಅವರೊಬ್ಬರ ಹತ್ತಿರ. ಕೊಲ್ಹಾಪುರದಲ್ಲಿ ಆ ಹೊಸ ಆಂಟಿವೈರಸ್ಸಿನ ಸಿಡಿ ಕೊಂಡು, ಭಾನುವಾರ ಒಬ್ಬರೇ ಬಂದು, ತಮ್ಮ ಕೈಯಾರೆ ಹಾಕಿದ್ದರು. ಒಂದು ಸೋಸಿ ಬಿಟ್ಟದ್ದನ್ನು ಇನ್ನೊಂದು ಹಿಡಿಯಲಿ ಎಂದು! ಮಯೂರಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ಹುಷಾರಾಗುತ್ತಾಳಲ್ಲ.

ಅವಳು ಆ ಹೊತ್ತನ್ನು ಓದಿದಳು. ಅವಳು ಓದಿದ್ದನ್ನು ಇವರು ನೋಡಿದರು. ಅವಳು ಹೊಸ ಆಂಟಿವೈರಸ್ ತೆಗೆದುಹಾಕಿ, ಫೈಲನ್ನು ಮತ್ತೆ ಅದರ ಜಾಗಕ್ಕೆ ತಂದು, ರಿಪೇರಿ ಶುರುಮಾಡಿದಳು. ಮೂರು ತಾಸು ಪರದೆಯ ಮೇಲೆ ಚುಕ್ಕಿಗಳು ತೆವಳಿದವು. ನಾಲ್ಕು ಗಂಟೆಗೆ ಪತ್ರಗಳೆಲ್ಲ ತೆರೆದುಕೊಂಡವು. ಸಾವಕಾರರು ಬಂದು ನೋಡಿದರು.

“ಆಂಟಿವೈರಸ್ಸ ಫೈಲ ಎತ್ತಿ ಒಗದಿತ್ರಿ,” ಎಂದಳು ಮಯೂರಿ.

“ಅದನ್ನ ಹಾಕಿದವ್ರ ಯಾರು?”

“ಗೊತ್ತಿಲ್ರಿ.”

ಬಾಪುಸಾಹೇಬರಿಗೆ ಜೀವ ಬಂದ ಹಾಗಾಯಿತು, ಮರುಕ್ಷಣವೇ ಸಂಶಯ ಎದ್ದಿತು. ಸುಮ್ಮನೆ ಯಾರಾದರೂ ಬಾಯಿ ಮುಚ್ಚಿಕೊಳ್ಳುತ್ತಾರೆಯೆ? ಇದಕ್ಕೆ ಬದಲಾಗಿ ಏನು ಕೇಳುತ್ತಾಳೋ! ಸಾವಕಾರರು ಹೋದ ಕೂಡಲೇ ಅವಳನ್ನು ತಡೆದರು.

“ಯಾಕ ಹೇಳಲಿಲ್ಲ? ಏನ ಬೇಕಾಗೇತಿ ನಿನಗ?”

“ಏನೂ ಬ್ಯಾಡ್ರಿ ಕಾಕಾ. ಹೇಳಿದ್ರ, ಆ ತಾರೀಖ ನಾನ ತಿದ್ದೀನಿ ಅಂತಿದ್ರಿ ನೀವು. ನಿಮ್ಮ ಮುಂದ ನನ್ನ ಮಾತ ಯಾರ ನಂಬತಾರ್ರಿ?”

ಹೌದು, ಹಾಗೆಯೇ ಅನ್ನುತ್ತಿದ್ದರು. ಆ ಮಾತು ಆಗಲೇ ನಾಲಿಗೆಯ ತುದಿಯಲ್ಲಿ ತಯಾರಿತ್ತು. ಬಾಪುಸಾಹೇಬರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಎದ್ದು ಸಾವಕಾರರ ಕೋಣೆಗೆ ಹೋದರು.

“ಅದನ್ನ ಹಾಕಿದವ ನಾನ್ರಿ.”

ವಿರುಪಾಕ್ಷಪ್ಪ ನಕ್ಕರು. “ಆಕಿ ಮನಿ ಕಷ್ಟಾ ಕೇಳಿ ಕರಗೀರೇನು? ಯಾರನ್ನೂ ನಂಬಬ್ಯಾಡ್ರಿ ಅಂತ ನನಗ ಕಲಿಸಿದವ್ರ ನೀವು. ‘ಗೊತ್ತಿಲ್ರಿ’ ಅನ್ನಾಗ ಆಕಿ ಮಾರಿ ನೋಡೀನಿ ನಾ, ಏನೋ ಮುಚ್ಚಾಕತ್ತಾಳ. ಕೆಲಸದಿಂದ ತಗದ ಪತ್ರ ಬರೀರಿ, ಸಹಿ ಮಾಡತೀನಿ.”

“ಖರೇನ ಹೇಳಾಕತ್ತೀನ್ರಿ. ನನ್ನ ನಂಬ್ರಿ.”

ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಸಾವಕಾರರು ಕಾಗದವನ್ನು ಅವರ ಮುಂದೆ ತಳ್ಳಿದರು.

ಬಾಪುಸಾಹೇಬರು ಕೂತು ನಾಲ್ಕು ಸಾಲು ಬರೆದುಕೊಟ್ಟರು. ವಿರುಪಾಕ್ಷಪ್ಪ ಪೆನ್ನು ತೆಗೆದರು, ಕೆಲಸದಿಂದ ತೆಗೆಯಬೇಕಾದವರ ಹೆಸರು ಓದಿ ಸಹಿ ಮಾಡದೆ ತಲೆ ಎತ್ತಿದರು. ಅಲ್ಲಿದ್ದುದು ಮಯೂರಿಯ ಹೆಸರಲ್ಲ, ಬಾಪುಸಾಹೇಬ ಮಗದುಮ ಎಂದಿತ್ತು.

“ಈಗರ ನಂಬತೀರೇನ್ರಿ?”