ಸ್ವಾಗತ ಪತ್ರದ ಅಡಿಯ ವಿಳಾಸ

ಅವಳನ್ನು ಎಲ್ಲರೂ ಸ್ವಾಗತಕ್ಕ ಅಂತಲೇ ಕರೆಯುತ್ತಿದ್ದರು. ಹೋಟೆಲೊಂದರ ಸ್ವಾಗತದ ಕೌಂಟರಿನಲ್ಲಿ ನಿಂತು, ಬಂದವರಿಗೆಲ್ಲ ನಗುಮುಖದಿಂದ ರೂಮಿನ ಕೀಲಿ ಕೊಡುವುದು ಅವಳ ಕೆಲಸವಾಗಿತ್ತು. ಪ್ರಯಾಣದಲ್ಲಿ ಹೈರಾಣಾಗಿ, ಸಿಡುಕುತ್ತ ಬಂದವರೂ ಅವಳ ಎರಡು ಮಾತು ಕೇಳಿದರೆ ಮೆತ್ತಗಾಗುತ್ತಿದ್ದರು. ಆ ಹೆಸರು ಜೊತೆಯ ಹುಡುಗಿಯರು ತಮಾಷೆಗೆ ಇಟ್ಟದ್ದು. ಮನೆಯವರೂ ಅದನ್ನೇ ಹಿಡಿದರು. ಹೋಟೆಲ್ ಮುಚ್ಚಿದಾಗ ಹೆಸರೊಂದೇ ಉಳಿಯಿತು, ಕೆಲಸ ಹೋಯಿತು.

ಮತ್ತೆ ಕೆಲಸ ಸಿಕ್ಕಿದ್ದೂ ಆ ನಾಲಿಗೆಯಿಂದಲೇ. ಕೆಳಗಿನ ಬೀದಿಯ ಕನ್ನಡಕದ ಅಂಗಡಿಯವರು ವೆಬ್‌ಸೈಟ್ ಮಾಡಿಸಿದ್ದರು. ಅದರಲ್ಲಿ ಯಾರಾದರೂ ತಮ್ಮ ಈಮೇಲ್ ಹಾಕಿ 'ಸೇರಿಕೊಳ್ಳಿ' ಎಂಬುದನ್ನು ಒತ್ತಿದರೆ ತಾನಾಗಿಯೇ ಒಂದು ಪತ್ರ ಹೋಗಬೇಕು, ಆಮೇಲೆ ತಿಂಗಳಿಗೊಂದು ಸುದ್ದಿಪತ್ರ. "ಬರೆಯೋಕೆ ನಮಗೆಲ್ಲಿ ಬರುತ್ತೆ ತಾಯಿ, ನೀವೇ ಏನಾದ್ರೂ ಬರೆದುಕೊಡಿ" ಅಂದರು. ಬರೆದುಕೊಟ್ಟಳು. ಅಲ್ಲಿಂದ ಬೆಕ್ಕು ನಾಯಿಗಳ ಆಹಾರ ಮಾರುವ ಅಂಗಡಿ, ಈಜು ಕಲಿಸುವವರು, ಹಳೆಯ ಪುಸ್ತಕದವರು ಅಂತ ಒಬ್ಬೊಬ್ಬರಾಗಿ ಬಂದರು. ಊಟದ ಮೇಜಿನ ಒಂದು ಮೂಲೆ ಅವಳ ಆಫೀಸಾಯಿತು. ಇನ್ನೊಂದು ಮೂಲೆಯಲ್ಲಿ ಮಾವ ಕೂತು ಪೇಪರಿನ ಪದಬಂಧ ತುಂಬುತ್ತಿದ್ದರು. ಅವರು ಬಸ್ ಓಡಿಸಿ ನಿವೃತ್ತರಾದವರು. ಎಂಜಿನ್ ಪಕ್ಕದಲ್ಲೇ ಆಯುಷ್ಯ ಕಳೆದು ಕಿವಿ ಅರ್ಧ ಮಂದವಾಗಿತ್ತು. ಗಂಡ ಶೀತಲ ಗೋದಾಮಿನಲ್ಲಿ ಮೇಲ್ವಿಚಾರಕ; ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು.

ಈ ಕೆಲಸದಲ್ಲಿ ಅವಳದೊಂದು ಹಟವಿತ್ತು. ಹೆಸರು ಹಾಕಿದ ಕ್ಷಣದಲ್ಲೇ ಸ್ವಾಗತ ಹೋಗಬೇಕು. "ಬಾಗಿಲಲ್ಲಿ ನಿಂತವರನ್ನ ಕಾಯಿಸಬಾರದು" ಅನ್ನುತ್ತಿದ್ದಳು. ಬೇರೆ ಕೆಲವರು ಮೊದಲು ಒಂದು ಸಣ್ಣ ಮೇಲ್ ಕಳಿಸಿ, 'ಇದನ್ನು ಹಾಕಿದ್ದು ನೀವೇ ತಾನೇ?' ಅಂತ ಕೇಳಿ, ಹೌದು ಅಂದವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಅವಳಿಗೆ ಅದು ಅತಿಥಿಯ ಗುರುತಿನ ಚೀಟಿ ಕೇಳಿದ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಸಿಸ್ಟರ್ ಸಿಕ್ಕರು. ಹಿಂದೆ ನರ್ಸ್ ಆಗಿದ್ದವರು, ಆ ಕೆಲಸ ಬಿಟ್ಟರೂ ಎಲ್ಲರಿಗೂ ಸಿಸ್ಟರೇ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ಆಸರೆ ಕೊಡುವ ಒಂದು ಸಂಸ್ಥೆ ನಡೆಸುತ್ತಿದ್ದರು. ಆಸರೆಯ ಮನೆ ಎಲ್ಲಿದೆ ಅಂತ ಹೊರಗಿನವರಿಗೆ ಗುಟ್ಟು, ಸ್ವಾಗತಕ್ಕನಿಗೂ ಹೇಳಲಿಲ್ಲ. ತಮ್ಮ ಸೈಟಿಗೂ ಇಂಥ ಪತ್ರ ಬೇಕು ಅಂತ ಅವರು ಭೇಟಿಯಾಗಿದ್ದು ಗ್ರಂಥಾಲಯದ ಓದುವ ಕೋಣೆಯಲ್ಲಿ.

"ಹೆಸರು ಕೇಳೋದು ಬೇಡ, ಮೇಲ್ ಒಂದೇ ಸಾಕು" ಅಂದರು ಸಿಸ್ಟರ್. "ಆಮೇಲೆ, ಒಂದು ಮಾತು ಕೇಳಿ ಕಳಿಸಿದ್ರೆ ಒಳ್ಳೇದಲ್ವಾ?"

"ಕೇಳಿದ್ರೆ ಅರ್ಧ ಜನ ಅಲ್ಲೇ ಹಿಂದೆ ಸರೀತಾರೆ ಸಿಸ್ಟರ್. ಧೈರ್ಯ ಮಾಡಿ ಒತ್ತಿರ್ತಾರೆ, ಆ ಕ್ಷಣದಲ್ಲೇ ಕೈ ಹಿಡಿಬೇಕು."

ಸಿಸ್ಟರ್ ಒಪ್ಪಿದರು. ಸ್ವಾಗತಕ್ಕ ಮನಸ್ಸಿಟ್ಟು ಬರೆದಳು. 'ಪ್ರಿಯ ಗೆಳತಿ, ಮನೆಯಿಂದ ಹೊರಗೆ ಬರುವ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಿದ್ದೀರಿ. ಸ್ವಾಗತ!' ಇದೇ ಮಾತು ಮೇಲ್‌ನ ಶೀರ್ಷಿಕೆಯಲ್ಲೂ ಇತ್ತು. ಮೇಲ್ ಕಳಿಸಿಕೊಡುವ ಕಂಪನಿಯದು ಒಂದು ನಿಯಮ: ಪತ್ರದ ಅಡಿಯಲ್ಲಿ ಕಳಿಸುವವರ ಅಂಚೆ ವಿಳಾಸ ಇರಲೇಬೇಕು, ಇಲ್ಲದಿದ್ದರೆ ಪತ್ರ ಹೊರಡುವುದೇ ಇಲ್ಲ. ಆಸರೆಯ ಮನೆಯ ವಿಳಾಸ ಹಾಕುವ ಹಾಗಿಲ್ಲ. ಅಂಚೆ ಪೆಟ್ಟಿಗೆ ಸಂಖ್ಯೆಗೆ ಸಿಸ್ಟರ್ ಅರ್ಜಿ ಕೊಟ್ಟಿದ್ದರು, ಬಂದಿರಲಿಲ್ಲ. ಸದ್ಯಕ್ಕೆ ಪರೀಕ್ಷೆಗೆ ಇರಲಿ ಅಂತ ಸ್ವಾಗತಕ್ಕ ಅಲ್ಲಿ ಒಂದು ವಿಳಾಸ ಹಾಕಿದಳು. ಆಮೇಲೆ ಮರೆತೇಬಿಟ್ಟಳು.

ಒಂದು ಬೆಳಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ, ಸಂಸ್ಥೆಗೆ ಬಂದ ಉತ್ತರಗಳನ್ನು ನೋಡೋಣ ಅಂತ ಲ್ಯಾಪ್‌ಟಾಪ್ ತೆರೆದಳು. ಒಂದೇ ಒಂದು ಬಂದಿತ್ತು.

'ಇದು ನನ್ನ ಮೇಲ್. ನನ್ನ ಹೆಂಡತಿಗೂ ಇದೇ. ಮೊದಲ ಹೆಜ್ಜೆ ಯಾವುದು ಅಂತ ಅವಳನ್ನು ಕೇಳಿದ್ದೇನೆ, ಬಾಯಿ ಬಿಡುತ್ತಿಲ್ಲ. ನಿಮ್ಮನ್ನೇ ಕೇಳುತ್ತೇನೆ. ಕೆಳಗಿರುವ ರಸ್ತೆ ನನಗೆ ಗೊತ್ತು. ಬರುತ್ತೇನೆ.'

ಅವಳು ಅದನ್ನು ಎರಡು ಸಲ ಓದಿದಳು. ಮೊದಲು ನೆನಪಾದದ್ದು ಆ ಹೆಂಗಸು. ಬಾಯಿ ಬಿಡುತ್ತಿಲ್ಲ ಅಂದರೆ ಏನರ್ಥ? ಕೇಳಿದ್ದು ಹೇಗೆ? ಗಂಡ ಹೆಂಡತಿ ಇಬ್ಬರಿಗೂ ಒಂದೇ ಮೇಲ್ ಇರಬಹುದು ಅನ್ನುವುದು ತನಗೆ ಹೊಳೆಯಲೇ ಇಲ್ಲವಲ್ಲ. ಆಮೇಲೆ 'ಕೆಳಗಿರುವ ರಸ್ತೆ' ಎಂಬಲ್ಲಿ ಕಣ್ಣು ನಿಂತಿತು. ಯಾವ ರಸ್ತೆ? ಅವಳು ತನ್ನದೇ ಪತ್ರವನ್ನು ತೆರೆದು ಅಡಿಗೆ ಸರಿಸಿದಳು. ಸಣ್ಣ ಬೂದು ಅಕ್ಷರದಲ್ಲಿ ಮನೆ ನಂಬರು, ಮಹಡಿ, ರಸ್ತೆ ಎಲ್ಲ ಇತ್ತು. ಅವಳು ಕೂತಿದ್ದ ಮನೆಯದೇ.

ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು. ವಾಪಸ್ ಬಂದು ಸಿಸ್ಟರಿಗೆ ಫೋನ್ ಮಾಡಿದಳು.

"ಸಿಸ್ಟರ್, ನಾನು ಒಂದು... ಪತ್ರದಲ್ಲಿ ನಮ್ಮ ಮನೆ ವಿಳಾಸ ಹೋಗಿದೆ. ಅವನು ಬರ್ತಾನಂತೆ."

"ಯಾರು? ನಿಧಾನಕ್ಕೆ ಹೇಳಮ್ಮ."

ಹೇಳಿದಳು. ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

"ಮೊದ್ಲು ಆ ಪತ್ರ ಹೋಗೋದನ್ನ ನಿಲ್ಲಿಸು. ಅವನಿಗೆ ಉತ್ತರ ಬರೀಬೇಡ, ನೀನು ಏನು ಬರೆದ್ರೂ ಆ ಹೆಂಗಸಿನ ಮೇಲೇ ಬೀಳುತ್ತೆ. ಬಾಗಿಲು ತೆಗೀಬೇಡ. ನಾನು ಪೊಲೀಸರಿಗೆ ಹೇಳ್ತೀನಿ."

"ಆ ಹೆಂಗಸಿಗೆ ಏನಾಗಿರುತ್ತೆ ಸಿಸ್ಟರ್?"

"ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಎಲ್ಲಿ ಅಂತ ಹುಡುಕೋದು?"

ಸ್ವಾಗತಕ್ಕ ಪತ್ರ ನಿಲ್ಲಿಸಿದಳು. ಅವಸರದಲ್ಲಿ ಬೇರೆ ಬೇರೆ ಕಡೆ ಒತ್ತಿ, ಅಂತೂ ನಿಂತಿತು. ಗಂಡನಿಗೆ ಫೋನ್ ಮಾಡಿದರೆ ತಗುಲಲಿಲ್ಲ. ಗೋದಾಮಿನ ಒಳಗೆ ಸಿಗ್ನಲ್ ಇರುವುದಿಲ್ಲ. ಮಾವನಿಗೆ ಹೇಳೋಣ ಅಂದುಕೊಂಡಳು. ಅವರ ಕಿವಿಗೆ ಕೇಳುವಂತೆ ಹೇಳಬೇಕಾದರೆ ಇಡೀ ಮಹಡಿಗೇ ಕೂಗಬೇಕು. ಅದೂ ಅಲ್ಲದೆ ಅವರಿಗೆ ರಕ್ತದೊತ್ತಡ. ಸುಮ್ಮನಾದಳು. ಕಿಟಕಿಯ ಪರದೆ ಸ್ವಲ್ಪ ಸರಿಸಿ ಕೆಳಗೆ ನೋಡಿದಳು. ಬೀದಿಯಲ್ಲಿ ಹೋಗುವ ಗಂಡಸರೆಲ್ಲ ತಲೆಯೆತ್ತಿ ತಮ್ಮ ಮನೆಯನ್ನೇ ನೋಡುತ್ತಿರುವಂತೆ ಕಂಡರು. ಮುಖ ತೊಳೆಯಲು ಬಚ್ಚಲಿಗೆ ಹೋದಳು.

ಅಲ್ಲಿರುವಾಗಲೇ ಚಿಲಕ ತೆಗೆದ ಸದ್ದು ಕೇಳಿಸಿತು. ಗಂಟೆ ಸದ್ದು ಕೇಳದ ಮಾವನಿಗೆ ಬಾಗಿಲು ಬಡಿದದ್ದು ಹೇಗೆ ಕೇಳಿತೋ!

"ಬನ್ನಿ, ಬನ್ನಿ, ಕೂತ್ಕೊಳ್ಳಿ" ಅನ್ನುತ್ತಿದ್ದರು ಮಾವ. "ನನ್ನ ಸೊಸೇನ ನೋಡೋಕೆ ಬಂದ್ರಾ? ಅವಳ ಹತ್ತಿರ ಎಲ್ಲಾ ಅಂಗಡಿಯವರೂ ಬರ್ತಾರೆ."

ಅವಳು ಹೊರಬಂದಾಗ ಅವನು ಕಾಲೊರಸಿನ ಮೇಲೆ ಬೂಟು ಉಜ್ಜಿ ಉಜ್ಜಿ ಒರೆಸುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಊಟದ ಚೀಲ, ಕತ್ತಿನಲ್ಲಿ ಹೆಸರು ಕಾಣದಂತೆ ತಿರುಗಿದ ಆಫೀಸಿನ ಗುರುತುಚೀಟಿ. ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿರುತ್ತಾರಲ್ಲ, ಅಂಥ ಮನುಷ್ಯ. ಅವನು ಕೆಂಗಣ್ಣು ಬಿಟ್ಟು ಬಂದಿದ್ದರೆ ಕಿರುಚಬಹುದಿತ್ತು. ಅವನು ನಕ್ಕ.

"ಕ್ಷಮಿಸಿ ಮೇಡಂ, ಹೇಳದೆ ಕೇಳದೆ ಬಂದೆ. ಒಂದು ಲೋಟ ನೀರು ಸಿಗುತ್ತಾ?"

ಅಭ್ಯಾಸಬಲ, ಅವಳು ಅಡುಗೆಮನೆಗೆ ತಿರುಗಿದಳು. ಲೋಟ ತುಂಬಿಕೊಂಡು ಬರುವಷ್ಟರಲ್ಲಿ ಅವನು ಮಲಗುವ ಕೋಣೆಯ ಬಾಗಿಲು ತೆರೆದು ಒಳಗೆ ನೋಡುತ್ತಿದ್ದ. ಮಾವ ಪದಬಂಧದಲ್ಲಿ ಮುಳುಗಿದ್ದರು.

"ಇಲ್ಲಿ ಹೆಂಗಸರನ್ನ ಇಟ್ಕೊಳ್ತೀರಂತೆ" ಅಂದ, ಬಾಗಿಲನ್ನು ಮೆಲ್ಲಗೆ ಮುಚ್ಚುತ್ತ. "ಎಲ್ಲಿ?"

ಏನು ಹೇಳಿದರೂ ಈ ಮನುಷ್ಯ ಮನೆಗೆ ಹೋಗುವವನೇ. ಅಲ್ಲಿ ಒಬ್ಬಳು ಕಾಯುತ್ತಿದ್ದಾಳೆ. ಸ್ವಾಗತಕ್ಕ ಸುಳ್ಳು ಹುಡುಕುತ್ತಿದ್ದಾಗ ಬಾಯಿಂದ ಬಂದದ್ದು ಹೋಟೆಲಿನ ದಿನಗಳ ದನಿ.

"ತಪ್ಪು ನಮ್ಮದೇ ಸಾರ್. ಕೂತ್ಕೊಳ್ಳಿ. ನಾನು ಮೇಲ್ ಬರೆದು ಕಳಿಸೋಳು. ಕನ್ನಡಕದ ಅಂಗಡಿ, ಬೆಕ್ಕಿನ ಆಹಾರದವರು, ಆ ಸಂಸ್ಥೆ, ಎಲ್ಲರದೂ ಇಲ್ಲಿಂದಾನೇ ಹೋಗೋದು. ಅದಕ್ಕೇ ಈ ವಿಳಾಸ. ಆ ಸಂಸ್ಥೆ ಎಲ್ಲಿದೆ ಅಂತ ನಾನೂ ನೋಡಿಲ್ಲ."

"ನನ್ನ ಹೆಂಡತಿ ಮೇಲ್ ಹಾಕಿದ್ದು ನಿಮ್ಮ ಸೈಟಲ್ಲಿ ತಾನೇ?"

"ಯಾರು ಹಾಕಿದ್ರು ಅಂತ ನಮಗೆ ಗೊತ್ತೇ ಆಗಲ್ಲ ಸಾರ್. ಯಾರು ಬೇಕಾದ್ರೂ ಯಾರ ಮೇಲ್ ಬೇಕಾದ್ರೂ ಹಾಕಬಹುದು. ನಾವು ಕೇಳೋದೇ ಇಲ್ಲ. ಅದೇ ನಮ್ಮ ತಪ್ಪು. ಎಷ್ಟು ಜನ ಬಂದು ಬೈದು ಹೋಗಿದ್ದಾರೆ ಗೊತ್ತಾ?"

ಅವನು ನಂಬಲಿಲ್ಲ. ಕಣ್ಣು ಮಿಟುಕಿಸದೆ ನೋಡಿದ. "ತೋರಿಸಿ."

ಅವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ ಬೆಕ್ಕಿನ ಆಹಾರದ ಅಂಗಡಿಯ ಪುಟ ತೆರೆದಳು. ಆ ಪುಟ ಹೆಸರು ಕೇಳುವುದಿಲ್ಲ, ಬೇರೆ ಪ್ರಶ್ನೆಯೂ ಇಲ್ಲ; ಮೇಲ್‌ಗೆ ಒಂದು ಖಾಲಿ ಚೌಕ, ಕೆಳಗೊಂದು ಬಟನ್ ಅಷ್ಟೇ. ಅವಳೇ ಹಾಗೆ ಮಾಡಿಸಿದ್ದು. "ನಿಮ್ಮ ಮೇಲ್ ಹೇಳಿ. ನಾನು ಹಾಕ್ತೀನಿ. ನೀವೇ ನೋಡಿ."

ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಒತ್ತಿದಳು. ಅವನು ಫೋನನ್ನು ಅಂಗೈ ಮೇಲಿಟ್ಟುಕೊಂಡು ಕಾದ. ಏನೂ ಬರಲಿಲ್ಲ. ಅವನ ತುಟಿಯ ಮೇಲೆ ಆ ನಗು ಮತ್ತೆ ಬಂತು.

"ಬರಲಿಲ್ವಲ್ಲ ಮೇಡಂ."

ಅವಳು ಪರದೆ ನೋಡಿದಳು. ನಡುಗುವ ಬೆರಳು ಒಂದು ಅಕ್ಷರವನ್ನು ಎರಡು ಸಲ ಒತ್ತಿತ್ತು.

"ಒಂದಕ್ಷರ ತಪ್ಪಿದೆ ಸಾರ್. ಯಾರಿಗೋ ಪಾಪ ಹೋಯ್ತು. ನೋಡಿ, ಹೀಗೇ ಆಗೋದು."

ಈ ಸಲ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದಳು. ಅವನ ಅಂಗೈ ಮೇಲೆ ಫೋನು ಟಿಂಗ್ ಅಂದಿತು. ಅವನು ಓದಿದ, ಗಟ್ಟಿಯಾಗಿ, ಪೊಲೀಸ್ ಹೇಳಿಕೆ ಓದುವವರ ಹಾಗೆ: "ಮಿಯಾಂವ್! ನಮ್ಮ ಬಳಗಕ್ಕೆ ಸ್ವಾಗತ. ನಿಮ್ಮ ಬೆಕ್ಕಿನ ಹೊಟ್ಟೆ ಇನ್ನು ನಮ್ಮ ಚಿಂತೆ."

ಮಾವ ತಲೆಯೆತ್ತಿದರು. "ಬೆಕ್ಕು ಸಾಕಿದ್ದೀರಾ? ಒಳ್ಳೇದು. ಇಲಿ ಕಾಟ ಇರಲ್ಲ."

ಯಾರೂ ನಗಲಿಲ್ಲ. ಅವನು ಪರದೆಯನ್ನೂ ಅವಳ ಮುಖವನ್ನೂ ಒಂದಾದ ಮೇಲೊಂದು ನೋಡಿದ. "ಹಾಗಾದ್ರೆ ಯಾರು ಬೇಕಾದ್ರೂ ಹಾಕಿರಬಹುದು."

"ಯಾರು ಬೇಕಾದ್ರೂ. ನಿಮ್ಮ ಆಫೀಸಿನವರೇ ತಮಾಷೆಗೆ ಹಾಕಿರಬಹುದು."

ಆ ಮಾತು ಎಲ್ಲೋ ನಾಟಿತು. ಅವನ ದವಡೆ ಬಿಗಿಯಾಯಿತು. ಯಾವುದೋ ಮುಖ ನೆನಪಾದವನ ಹಾಗೆ ಕಿಟಕಿಯತ್ತ ನೋಡಿದ. ಆಮೇಲೆ ನೀರನ್ನು ಪೂರ್ತಿ ಕುಡಿದು, ಲೋಟವನ್ನು ಮೇಜಿನ ನಟ್ಟನಡುವೆ ಇಟ್ಟು, "ಮನೆ ನೋಡಿದ ಹಾಗಾಯ್ತು" ಅಂದು ಹೊರಟುಹೋದ.

ಅವಳು ಚಿಲಕ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮಾವ ಗಾಬರಿಯಾಗಿ ಎದ್ದು ಬಂದರು. ಅವಳು ಎಲ್ಲವನ್ನೂ ಕೂಗಿ ಕೂಗಿ ಹೇಳಿದಳು, ಇಡೀ ಮಹಡಿಗೆ ಕೇಳಿದರೆ ಕೇಳಲಿ ಅಂತ. "ನಾನೇ ತೆಗೆದೆನಲ್ಲಮ್ಮ ಬಾಗಿಲು" ಅಂದರು. ಪೊಲೀಸರು ಬಂದಾಗ ಅವನ ಆ ಮೇಲ್, ಮೇಜಿನ ಮೇಲಿನ ಲೋಟ ಬಿಟ್ಟರೆ ತೋರಿಸಲು ಏನೂ ಇರಲಿಲ್ಲ, ಬರೆದುಕೊಂಡು ಹೋದರು.

ಅಂದಿನಿಂದ ಅವಳು ಬಾಗಿಲ ಗಂಟೆಯ ಸದ್ದಿಗೆ ಬೆಚ್ಚಿ ಬೀಳತೊಡಗಿದಳು. ತರಕಾರಿ ತರಲು ಹೋದರೂ ಹಿಂದೆ ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಗಂಡ ಮೊದಮೊದಲು "ಬಂದ, ಹೋದ, ಮುಗೀತು ಬಿಡು" ಅಂದವನು, ಅವಳು ನಿದ್ದೆಯಲ್ಲಿ ಮೇಲ್ ವಿಳಾಸ ಬಡಬಡಿಸುವುದನ್ನು ಕೇಳಿ ಮನೆ ಹುಡುಕಲು ಶುರುಮಾಡಿದ. ಬೇರೆ ಬಡಾವಣೆಗೆ ಹೋದರು. ಅವಳು ಸಂಸ್ಥೆಯ ಪತ್ರವನ್ನು ಪೂರ್ತಿ ಹೊಸದಾಗಿ ಬರೆದಳು. ಶೀರ್ಷಿಕೆಯಲ್ಲಿ 'ತಿಂಗಳ ಓದು' ಅಂತ ಮಾತ್ರ. ಮೇಲ್ ಹಾಕುವ ಚೌಕದ ಮೇಲೆ 'ಈ ಮೇಲನ್ನು ನೀವೊಬ್ಬರೇ ನೋಡುತ್ತೀರಾ?' ಎಂಬ ಪ್ರಶ್ನೆ. ಇಲ್ಲ ಅಂದವರಿಗೆ ಮೇಲ್ ಹೋಗುವುದಿಲ್ಲ, ಸಂಸ್ಥೆಯ ಫೋನ್ ನಂಬರು ಕಾಣಿಸುತ್ತದೆ. ಪತ್ರದ ಅಡಿಯಲ್ಲಿ ಅಂಚೆ ಪೆಟ್ಟಿಗೆ. ಬೇರೆ ಅಂಗಡಿಗಳಿಗೂ ಮೊದಲು ಕೇಳಿಯೇ ಕಳಿಸುವ ಪದ್ಧತಿ ತಂದಳು. ಯಾರೂ ಹೇಳದಿದ್ದರೂ ಸಂಸ್ಥೆಯ ಕೆಲಸಕ್ಕೆ ಹಣ ತೆಗೆದುಕೊಳ್ಳುವುದನ್ನು ಬಿಟ್ಟಳು.

ಮಳೆಗಾಲ ಕಳೆದ ಮೇಲೆ ಸಿಸ್ಟರ್ ಫೋನ್ ಮಾಡಿದರು. "ಕೂತ್ಕೋ. ಅವನ ಹೆಂಡತಿ ಬಂದಿದ್ದಾಳೆ. ಮಗಳ ಜೊತೆ."

ಆ ದಿನ ಅವನು ಅವಳನ್ನು ಒಳಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿಕೊಂಡೇ ಬಂದಿದ್ದನಂತೆ. ಹಿಂದಿನ ರಾತ್ರಿ ಅವಳ ಎರಡು ಬೆರಳು ಮುರಿದಿದ್ದನಂತೆ. ವಾಪಸ್ ಹೋದವನು ಬೀಗ ತೆಗೆದು, ಆಫೀಸಿನ ಯಾರನ್ನೋ ಬೈಯುತ್ತ ಕೂತನಂತೆ. ಅವಳು ಬೆರಳು ಕೂಡುವವರೆಗೆ ಕಾದು, ಮಗಳ ಶಾಲೆಗೆ ಹೋದವಳು ಅಲ್ಲಿಂದಲೇ ಬಂದಿದ್ದಳು.

"ನಾನು ಬಂದು ಮಾತಾಡಿಸಲಾ ಸಿಸ್ಟರ್?"

"ಬೇಡ. ಅವಳು ಈಗ ಯಾರನ್ನೂ ನೋಡೋ ಸ್ಥಿತಿಯಲ್ಲಿಲ್ಲ. ನಾಳೆ ಬೇರೆ ಊರಿಗೆ ಕಳಿಸ್ತೀವಿ."

ಮುರಿದ ಬೆರಳು ಸ್ವಾಗತಕ್ಕನ ತಲೆಯಿಂದ ಹೋಗಲೇ ಇಲ್ಲ. ಅದರ ಜೊತೆಗೆ ಇನ್ನೊಂದು ಹೆದರಿಕೆ ಇತ್ತು, ಅದನ್ನು ಗಂಡನಿಗೂ ಹೇಳಿರಲಿಲ್ಲ. ಬೆಕ್ಕಿನ ಅಂಗಡಿಯ ಪಟ್ಟಿಯಲ್ಲಿ ಅವನ ಮೇಲ್ ಹಾಗೇ ಉಳಿದಿತ್ತು. ಯಾರು ಪತ್ರ ತೆರೆದರು, ಯಾರು ತೆರೆಯಲಿಲ್ಲ ಅನ್ನುವುದು ಕಳಿಸುವವರಿಗೆ ಕಾಣುತ್ತದೆ. ಅವನು ಪ್ರತಿ ಪತ್ರವನ್ನೂ ತೆರೆಯುತ್ತಿದ್ದ. ಬೆಕ್ಕಿಲ್ಲದ ಮನುಷ್ಯ ಬೆಕ್ಕಿನ ಆಹಾರದ ಪತ್ರದಲ್ಲಿ ಏನು ಹುಡುಕುತ್ತಿದ್ದ? ತೆಗೆದುಹಾಕಿದರೆ ಅನುಮಾನ ಬರುತ್ತದೇನೋ ಅಂತ ತೆಗೆದಿರಲಿಲ್ಲ. ಇಟ್ಟುಕೊಂಡರೆ ಪ್ರತಿ ತಿಂಗಳೂ ಅವನು ಮತ್ತೆ ಕಾಲು ಒರೆಸಿಕೊಂಡು ಒಳಗೆ ಬಂದ ಹಾಗಾಗುತ್ತಿತ್ತು.

ತಾಯಿ ಮಗಳು ಊರು ಬಿಟ್ಟರು ಅಂತ ಸಿಸ್ಟರ್ ತಿಳಿಸಿದ ದಿನ ಅವಳು ಆ ಪಟ್ಟಿ ತೆರೆದಳು. ಪಟ್ಟಿಯಿಂದ ಯಾರನ್ನಾದರೂ ತೆಗೆದರೆ 'ನೀವು ಹೊರಟಿದ್ದು ಬೇಸರವಾಯಿತು, ಮತ್ತೆ ಬನ್ನಿ' ಎಂಬ ಪತ್ರ ತಾನಾಗಿ ಹೋಗುತ್ತಿತ್ತು. ಅದನ್ನೂ ಬರೆದವಳು ಅವಳೇ. ಮೊದಲು ಅದನ್ನು ನಿಲ್ಲಿಸಿದಳು. ನಿಂತಿದೆಯೇ ಅಂತ ತನ್ನದೇ ಇನ್ನೊಂದು ಮೇಲ್ ಹಾಕಿ, ತೆಗೆದು, ನೋಡಿದಳು. ಏನೂ ಬರಲಿಲ್ಲ. ಮಾವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದಳು. ಆಮೇಲೆ ಅವನ ಸಾಲನ್ನು ಆರಿಸಿ ಅಳಿಸಿದಳು.

ಹೊಸ ಮನೆಯ ವಿಳಾಸ ಅವನಿಗೆ ಗೊತ್ತಿರಲಿಲ್ಲ; ಆದರೂ ಆ ಮಧ್ಯಾಹ್ನವೆಲ್ಲ ಇಬ್ಬರೂ ಬಾಗಿಲಿನ ಕಡೆ ಕಿವಿಗೊಟ್ಟು ಕೂತಿದ್ದರು. ಯಾರೂ ಬರಲಿಲ್ಲ.