ಮಡಿಕೆ ಬದಲಿಸುತ್ತಿದ್ದ ಸೀರೆಯವರು

ಸೀರೆ ಮಾರಲು ಬರುತ್ತಿದ್ದ ಆ ಹಿರಿಯರ ಮುಖ ಬಿಸಿಲಿಗೆ ಒಣಗಿದ ಹುಣಸೆಹಣ್ಣಿನಂತಿತ್ತು. ಅಂಗೈ ಮಾತ್ರ ಹಸುಗೂಸಿನದು. ದಿನಾ ಸ್ನಾನದ ಹೊತ್ತಿಗೆ ಇಟ್ಟಿಗೆ ಚೂರಿನಿಂದ ತಿಕ್ಕಿ ತಿಕ್ಕಿ ಹಾಗೆ ಮಾಡಿಕೊಂಡಿದ್ದರು. ಒರಟು ಕೈಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ಮಗ್ಗಗಳಿಂದ ಸೀರೆ ಎತ್ತಿಕೊಂಡು, ಗಂಟು ಕಟ್ಟಿ, ಬಸ್ಸಿನಲ್ಲಿ ದೇವನಹಳ್ಳಿಗೆ ತಂದು ಮನೆಮನೆಗೆ ತೋರಿಸುವುದು ಅವರ ಕಸುಬು.

ನಾನು ಸರ್ಕಾರಿ ಆಸ್ಪತ್ರೆಯ ನರ್ಸ್, ಗಡಿಯಾರ ನೋಡಿ ಬದುಕಿದವಳು. ತಿಂಗಳ ಎರಡನೇ ಶನಿವಾರ ಊಟದ ತಟ್ಟೆ ತೊಳೆದಿಡುವಷ್ಟರಲ್ಲಿ ಗೇಟಿನ ಚಿಲಕ ಸದ್ದು ಮಾಡುತ್ತಿತ್ತು. ಹೇಳಿದ ಹೊತ್ತಿಗೆ ಬರುವ ಮನುಷ್ಯ ಎಂಬುದಕ್ಕೇ ಅವರ ಮೇಲೆ ನನಗೆ ಮೊದಲು ಗೌರವ ಹುಟ್ಟಿದ್ದು.

ಒಮ್ಮೆ ಡ್ಯೂಟಿ ಮುಗಿಸಿ ಬರುವಾಗ, ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಗಂಟು ಬಿಚ್ಚಿಕೊಂಡು ಕೂತಿದ್ದರು. ವ್ಯಾಪಾರವಿರಲಿಲ್ಲ. ಮುಂದಿನ ಮನೆಯವರು ಹಿಂದೆ ಬೇಡವೆಂದಿದ್ದ ಸೀರೆಗಳನ್ನು ಆರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ತಳಕ್ಕೆ ಸೇರಿಸುತ್ತಿದ್ದರು. ಪ್ರತಿ ಮನೆಗೂ ಮುಂಚೆ ಇದೇ ಕೆಲಸ. ಬೇಡ ಅಂದಿದ್ದನ್ನು ಮತ್ತೆ ಕಣ್ಣಿಗೆ ಹಿಡಿದರೆ, ಅವರ ಮಾತು ಕೇಳಿಸಿಕೊಂಡಿಲ್ಲ ಎಂದಾಗುತ್ತದಂತೆ.

ಈ ನಿಯಮ ಅವರಿಗೆ ಬೈಗುಳವನ್ನೂ ತಂದಿತ್ತು. ಎದುರುಮನೆಯಾಕೆ ಒಂದು ಬದನೆ ಬಣ್ಣದ ಸೀರೆಯನ್ನು, ಇದು ನನ್ನ ಕಣ್ಣಿಗೆ ಬೀಳಬಾರದು ಎಂದು ದೂಡಿದ್ದರು. ಆಮೇಲೆ ಅದೇ ಬಣ್ಣದ ಬೇರೊಂದು ಸೀರೆ ಅವರ ಓರಗಿತ್ತಿಯ ಮೈಮೇಲೆ ಕಂಡಿತು. ಮುಂದಿನ ಶನಿವಾರ ಬೀದಿಗೆಲ್ಲ ಕೇಳಿಸುವಂತೆ ಪಂಚಾಯಿತಿ.

“ನಾನು ಬೇಡ ಅಂದಿದ್ದು ಆ ಸೀರೆ ಕಣಯ್ಯಾ, ಬಣ್ಣ ಅಲ್ಲ. ಅವಳಿಗೆ ತೋರಿಸಿದೀಯ, ನನಗ್ಯಾಕೆ ತೋರಿಸ್ಲಿಲ್ಲ?”

ಅಂದಿನಿಂದ, ಯಾರು ಏನನ್ನು ದೂಡಿದರೂ ಅವರದು ಒಂದೇ ಪ್ರಶ್ನೆ: “ಈ ಸೀರೆ ಬೇಡ್ವೋ, ಈ ಬಣ್ಣಾನೇ ಬೇಡ್ವೋ?” ಯಾಕೆ ಎಂದು ಮಾತ್ರ ಯಾರನ್ನೂ ಕೇಳಿದವರಲ್ಲ.

ವಿಮಾನ ನಿಲ್ದಾಣದ ಕೆಲಸ ಭರದಿಂದ ಸಾಗಿದ್ದ ದಿನಗಳಲ್ಲಿ ನನ್ನ ಮಗಳು ಮೊದಲ ಬಸುರಿ. ಸೀಮಂತಕ್ಕೆಂದು ಗಿಳಿಹಸಿರು ಮೈಯ, ಕೆಂಪು ಅಂಚಿನ ಸೀರೆಯೊಂದನ್ನು ನೇಯಿಸಿಕೊಡಲು ಅವರಿಗೆ ಹೇಳಿದ್ದೆ. ಶಾಸ್ತ್ರಕ್ಕೆ ಒಂದು ವಾರ ಇರುವಾಗ ಮಗು ಹೊಟ್ಟೆಯಲ್ಲೇ ಹೋಯಿತು. ಎಷ್ಟೋ ಹೆರಿಗೆ ಮಾಡಿಸಿದ ಕೈ ನನ್ನದು. ನನ್ನ ಮಗಳಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಆ ಶನಿವಾರ ಅವರು ಸೀರೆ ಹಿಡಿದೇ ಬಂದರು. ಗೇಟಿನಲ್ಲೇ ತಡೆದು, ನಮ್ಮ ಮನೆಯೊಳಗೆ ಇನ್ನು ಹಸಿರು ಬಿಚ್ಚಬೇಡಿ ಎಂದೆ. ಎಂದಿನ ಆ ಪ್ರಶ್ನೆಯನ್ನೂ ಅವತ್ತು ಕೇಳಲಿಲ್ಲ. “ಆಯ್ತು ಸಿಸ್ಟ್ರಮ್ಮ” ಎಂದು ಸೀರೆಯನ್ನು ಗಂಟಿನ ತಳಕ್ಕೆ ಸೇರಿಸಿದರು. ಆಮೇಲೆ ವರ್ಷಗಟ್ಟಲೆ ನಮ್ಮ ಜಗುಲಿಯ ಚಾಪೆಯ ಮೇಲೆ ಹಸಿರೊಂದು ಬಿಟ್ಟು ಎಲ್ಲ ಬಣ್ಣವೂ ಹರಡಿತು. ವಿಮಾನಗಳು ಹಾರತೊಡಗಿದವು. ತಲೆಯ ಮೇಲೆ ಒಂದು ಹೋದಾಗ ಅರ್ಧ ಬಿಚ್ಚಿದ ಸೀರೆ ಹಿಡಿದು, ಸದ್ದು ಅಡಗುವವರೆಗೆ ಕಾದು, ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು.

ಮಗಳು ಮತ್ತೆ ಬಸುರಿಯಾಗಿ ನನ್ನ ಬಳಿ ಬಂದಳು. ಈ ಸಲ ಸೀಮಂತವೂ ಇಲ್ಲ, ಊರಿಗೆ ಹೇಳುವುದೂ ಇಲ್ಲ ಎಂದು ನಾನು ತೀರ್ಮಾನಿಸಿದ್ದೆ. ಅವಳನ್ನು ಕೇಳಿರಲಿಲ್ಲ. ಆ ತಿಂಗಳು ಅವಳು ಚಾಪೆಯ ತುದಿಯಲ್ಲಿ ಕೂತು ಇಡೀ ಗಂಟು ನೋಡಿ ಮುಗಿಸಿದಳು.

“ತಾತ, ನಮ್ಮನೇಗೆ ಮಾತ್ರ ಹಸಿರು ಯಾಕೆ ಬರಲ್ಲ?”

ಅವರು ನನ್ನ ಕಡೆ ನೋಡಲಿಲ್ಲ. “ಬೇಡ ಅಂದಿದ್ದು ನೀನಲ್ಲ ಕಂದ, ಅಮ್ಮ. ಅವ್ರು ಬಿಚ್ಚು ಅಂದ್ರೆ ಬಿಚ್ತೀನಿ.”

“ಉಡೋಳು ನಾನು. ಹೆದರಿರೋಳು ನೀನು, ಅಮ್ಮ” ಎಂದಳು ಮಗಳು.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಒಂದು ವಿಮಾನ ಬಂತು, ಹೋಯಿತು. ಅದು ಪೂರ್ತಿ ಹೋದ ಮೇಲೆ, ಬಿಚ್ಚಿ ಎಂದೆ.

ತಳದ ಬಿಳಿ ಬಟ್ಟೆಯೊಳಗೆ ಅದೇ ಗಿಳಿಹಸಿರು, ಅದೇ ಕೆಂಪು ಅಂಚು. ಒಂದು ಮಡಿಕೆಯಲ್ಲೂ ರೇಷ್ಮೆ ಸೀಳಿರಲಿಲ್ಲ. ಇಷ್ಟು ವರ್ಷ ಯಾರಿಗೂ ಮಾರಲಿಲ್ಲವೇ ಎಂದು ಕೇಳಿದೆ. ಈ ಮನೆಗೆಂದು ನೇಯಿಸಿದ್ದು, ಈ ಮನೆಗೆ ಬರುವಾಗಲೆಲ್ಲ ತರುತ್ತಿದ್ದೆ ಎಂದರು.

“ಬಚ್ಚಿಟ್ಟಿದ್ದನ್ನ ಆಗಾಗ ತೆಗ್ದು ಮಡಿಕೆ ಬದಲಾಯಿಸ್ಬೇಕು ಸಿಸ್ಟ್ರಮ್ಮ. ಒಂದೇ ಮಡಿಕೇಲಿ ಬಿಟ್ರೆ ರೇಷ್ಮೆ ಅಲ್ಲೇ ಸೀಳ್ಕೊಳುತ್ತೆ.”

ಸೀಮಂತ ನಡೆಯಿತು. ಮೊಮ್ಮಗಳು ಹುಟ್ಟಿದಳು.

ಈಗ ಮಗಳು ಫೋನಿನಲ್ಲಿ ಸೀರೆ ನೋಡುತ್ತಾಳೆ. ಒಂದನ್ನು ಬೇಡವೆಂದು ಒತ್ತಿದರೆ, ಮಾರನೆಯ ದಿನ ಅದರ ಅಕ್ಕತಂಗಿಯರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. “ಸೀರೆ ತಾತನ್ನ ಇದರೊಳಗೆ ಕೂರಿಸ್ಬೇಕಿತ್ತು” ಎಂದು ನಗುತ್ತಾಳೆ.

ಒಂದು ಎರಡನೇ ಶನಿವಾರ ಚಿಲಕ ಸದ್ದು ಮಾಡಲಿಲ್ಲ. ಮುಂದಿನ ತಿಂಗಳು ಸರಿಯಾಗಿ ಅದೇ ಹೊತ್ತಿಗೆ ಅವರ ಸೊಸೆ ಬಂದರು, ಗಂಟಿಲ್ಲದೆ. ಮಾವ ತೀರಿಕೊಂಡರು, ನೀವು ಕಾಯುತ್ತಿರುತ್ತೀರಿ ಎಂದು ಹೇಳಲು ಬಂದೆ ಎಂದರು.

ಆ ಹಸಿರು ಸೀರೆ ಈಗ ನನ್ನ ಬೀರುವಿನಲ್ಲಿದೆ. ನನ್ನ ಶಿಸ್ತಿನ ಮೇಲೆ ನಂಬಿಕೆಯಿಟ್ಟು ಮಗಳು ಒಪ್ಪಿಸಿದ್ದಾಳೆ. ಎರಡನೇ ಶನಿವಾರ ಊಟವಾದ ಮೇಲೆ ತೆಗೆದು ಮಡಿಕೆ ಬದಲಿಸುತ್ತೇನೆ. ಆಸ್ಪತ್ರೆಯ ಸೋಪು ನೀರಿನಲ್ಲಿ ಸವೆದ ಒರಟು ಕೈ ನನ್ನದು. ಆದ್ದರಿಂದ ಅವತ್ತು ಸ್ನಾನಕ್ಕೆ ಹೋಗುವಾಗ ಒಂದು ಇಟ್ಟಿಗೆ ಚೂರು ತೆಗೆದುಕೊಂಡು ಹೋಗುತ್ತೇನೆ.