ಗರಡಿಯ ಗೋಡೆ, ಪೈಲ್ವಾನರ ಕಿವಿ

ಬೆಟಗೇರಿಯ ನಮ್ಮ ಓಣಿಯ ಗರಡಿಮನೆಯನ್ನು ಕೆಡವಿ ಅಲ್ಲಿ ಜಿಮ್ ಕಟ್ಟಿಸುವುದೆಂದು ನಿಶ್ಚಯವಾದಾಗ ಗರಡಿ ಕಮಿಟಿಯ ಹುಡುಗರಿಗೆ ಒಳಗೊಳಗೇ ಕಸಿವಿಸಿಯಾಗಿರಬೇಕು. ಹೊಸ ಕಟ್ಟಡದ ಬಾಗಿಲ ಎದುರಿಗೆ ಹಳೆ ಗರಡಿಯದೊಂದು ದೊಡ್ಡ ಚಿತ್ರ, ಅದರ ಪಕ್ಕದಲ್ಲಿ ಹಳೆ ಪೈಲ್ವಾನರ ವ್ಯಂಗ್ಯಚಿತ್ರ ಹಾಕೋಣ ಎಂದು ನನ್ನ ಮನೆಗೆ ಬಂದರು. ವ್ಯಂಗ್ಯಚಿತ್ರ ಯಾಕೆಂದು ಕೇಳಿದೆ. ನೋಡಿದವರು ನಗಬೇಕು ಎಂದರು. ಆ ಗರಡಿಯಲ್ಲಿ ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ. ಆದರೂ ಒಪ್ಪಿಕೊಂಡೆ.

ನಾನು ಮೂವತ್ತು ವರ್ಷ ಬೋರ್ಡು ಬರೆದವನು. ಕಿರಾಣಿ ಅಂಗಡಿ, ಹಲ್ಲಿನ ದವಾಖಾನೆ, ಅಡತಿ ಅಂಗಡಿ, ಚುನಾವಣೆ ಬಂದರೆ ಪುಢಾರಿಗಳ ಮುಖ. ಒಂದು ಕಾಲಕ್ಕೆ ಗದಗಿನ ಸ್ಟೇಶನ್ ರಸ್ತೆಯಲ್ಲಿ ನನ್ನ ಅಕ್ಷರ ಓದದೆ ಒಂದು ಕಪ್ ಚಹಾ ಕುಡಿಯಲು ಬರುತ್ತಿರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು, ನಾನು ಮನೆಯಲ್ಲಿ ಕೂತೆ. ಸುಮ್ಮನೆ ಕೂಡಲಾರದೆ ಚಿತ್ರ ಬರೆಯತೊಡಗಿದೆ. ಮನೆಯವಳು ಕೇಳಿದವರಿಗೆಲ್ಲ ನಾನು ರಿಟೈರ್ ಆಗಿದ್ದೇನೆಂದು ಹೇಳುತ್ತಾಳೆ. ಕಲಾವಿದ ಎಂದರೆ ಎಲ್ಲಿ ಚಿತ್ರ ತೋರಿಸು ಅಂದಾರೆಂದು ಆಕೆಗೆ ಭಯ.

ನನ್ನ ಮೊದಲ ಬೋರ್ಡು ಇದೇ ಗರಡಿಯದು. ಇಪ್ಪತ್ತರ ವಯಸ್ಸಿನಲ್ಲಿ ಸಾಮು ಮಾಡಿ ಮೈ ಬೆಳೆಸುತ್ತೇನೆಂದು ಹೋದವನು ಚಪ್ಪಲಿ ಮೆಟ್ಟಿಕೊಂಡೇ ಕುಸ್ತಿಯ ಕಣದೊಳಗೆ ಕಾಲಿಟ್ಟುಬಿಟ್ಟಿದ್ದೆ. ಆ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಎಂಥ ಪೈಲ್ವಾನನೂ ಅದನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡೇ ಇಳಿಯಬೇಕು. ಅಲ್ಲಿ ಕುಸ್ತಿ ಕಲಿಸುತ್ತಿದ್ದ ಗುರುಗಳನ್ನು ಎಲ್ಲರೂ ವಸ್ತಾದರು ಎನ್ನುತ್ತಿದ್ದರು. ಅವರು ನನ್ನ ಕೊರಳಪಟ್ಟಿ ಹಿಡಿದು ಹೊರಗೆ ಹಾಕಿದರು. ನನಗೆ ಅಕ್ಷರ ಚೆನ್ನಾಗಿ ಬರೆಯಲು ಬರುತ್ತದೆಂದು ಯಾರೋ ಹೇಳಿದರಂತೆ, ಮರುದಿನ ಕರೆಸಿ ಕೈಗೆ ಬ್ರಶ್ ಕೊಟ್ಟರು. ‘ಚಪ್ಪಲಿ ಹೊರಗೆ ಬಿಡಿರಿ’ ಎಂದು ಬಾಗಿಲ ಪಕ್ಕ ಬರೆದೆ. ಅವರಿಗೆ ಓದಲು ಬರುವುದಿಲ್ಲ. ಮೂರು ಸಲ ನನ್ನಿಂದ ಓದಿಸಿಕೊಂಡರು, ಏನೂ ಅನ್ನಲಿಲ್ಲ.

ಆಮೇಲಿನ ಇಷ್ಟು ವರ್ಷಗಳಲ್ಲೂ ನನ್ನ ಕೆಲಸದ ಬಗ್ಗೆ ಅವರು ಏನೂ ಅಂದಿಲ್ಲ. ಊರೆಲ್ಲ ಹೊಗಳುತ್ತಿದ್ದ ಕಾಲದಲ್ಲೂ ಅದೊಂದು ನನ್ನನ್ನು ಚುಚ್ಚುತ್ತಲೇ ಇತ್ತು. ಈಗ ಅವರು ಎಂಬತ್ತು ದಾಟಿದ್ದಾರೆ. ಈ ಚಿತ್ರ ನೋಡಿ ಅವರ ಬಾಯಿಂದ ‘ಆತು’ ಎಂಬ ಒಂದು ಮಾತು ಬರಬೇಕು, ನನಗೆ ಬೇಕಾದದ್ದು ಅಷ್ಟೇ. ಕಮಿಟಿ ಒಂದು ನೆಪ.

ಕಟ್ಟಡದ ಚಿತ್ರಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲು ಗೋಡೆ ಎದ್ದಿತು, ಆಮೇಲೆ ಹಂಚು ಬಂದವು, ಆಮೇಲೆ ಮುಂದಿನ ಕಟ್ಟೆ. ಖರೆ ಗರಡಿ ಕಟ್ಟಿದವರೂ ಇಷ್ಟು ದಿನ ತೆಗೆದುಕೊಂಡಿರಲಿಕ್ಕಿಲ್ಲ. ಗೋಡೆಗಳನ್ನು ಸ್ಕೇಲು ಹಿಡಿದು ನೆಟ್ಟಗೆ ನಿಲ್ಲಿಸಿದೆ, ಬಿಳಿ ಸುಣ್ಣ ಬಳಿದೆ. ಒಳಗಿನ ಕತ್ತಲೆ ಬರೆಯುವುದು ತ್ರಾಸಿನ ಕೆಲಸವೆಂದು ಬಾಗಿಲು ಮುಚ್ಚಿಬಿಟ್ಟೆ. ಮನೆಯವಳು ಚಹಾ ತಂದಿಟ್ಟು ಬಹಳ ಹೊತ್ತು ನೋಡಿ, “ಇದು ಯಾವ ಬ್ಯಾಂಕ್ ರೀ?” ಎಂದು ಕೇಳಿದಳು.

ನಡುವೆ ಬಸ್ಸು ಹಿಡಿದು ಮೂವರು ಹಳೆ ಪೈಲ್ವಾನರನ್ನು ಹುಡುಕಿಕೊಂಡು ಹೋದೆ. ಶಿರಹಟ್ಟಿಯವರು ಈಗ ಪೆಂಡಾಲು ಹಾಕಿಸುವ ದಂಧೆಯಲ್ಲಿದ್ದಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಾತು ಅವರ ಕುಸ್ತಿ ನೋಡಿಯೇ ಹುಟ್ಟಿರಬೇಕು. ಅವರ ಮೀಸೆಯನ್ನು ಹಾಳೆಯ ಅಂಚಿನವರೆಗೆ ಎಳೆದೆ. ಹಾಳೆ ಸಣ್ಣದಾಯಿತೆಂದು ಅವರು ಬೇಸರಪಟ್ಟರು. ಲಕ್ಷ್ಮೇಶ್ವರದವರು ನಾನು ಬರೆಯಲು ಕೂತ ಕೂಡಲೇ ನಿದ್ದೆ ಹೋದರು. ಅವರನ್ನು ಹಾಗೆಯೇ ಬರೆದೆ. ಎದ್ದಮೇಲೆ ಇದು ತಾನಲ್ಲ ಎಂದರು. ಅವರ ಸೊಸೆ ಬಂದು ನೋಡಿ, ಗೊರಕೆ ಕೂಡ ಕೇಳಿಸುತ್ತಿದೆ ಎಂದು ಒಳಗೆ ಹೋದಳು. ಇಬ್ಬರೂ ಕೊನೆಗೆ ಏನೋ ಹೇಳಬೇಕೆಂದು ಬಾಯಿ ತೆರೆದು, ಚಹಾ ಕುಡಿದು ಹೋಗು ಎಂದಷ್ಟೇ ಹೇಳಿದ್ದರು.

ಮೂರನೆಯವರು ಮುಂಡರಗಿ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ, ಗಿರಮಿಟ್ ಮಾರುತ್ತಾರೆ. ಅವರ ಹೊಟ್ಟೆಯನ್ನು ಹಾಳೆಯ ಅರ್ಧಕ್ಕೆ ಬರೆದಿದ್ದೆ. ಅದನ್ನು ನೋಡಿ ಎಣ್ಣೆಯಿಂದ ಭಜಿ ಎತ್ತುವ ಜಾರಿ ಸೌಟು ಕೈಯಲ್ಲಿ ಹಿಡಿದೇ ನಕ್ಕರು, ಗಿರಾಕಿಗಳಿಗೆಲ್ಲ ತೋರಿಸಿದರು. ಆಮೇಲೆ ನಗು ನಿಲ್ಲಿಸಿ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು.

“ನನ್ನ ಕಿವಿ ಎಲ್ಲಿ ಅದಾವ?”

ಎರಡೂ ಇವೆಯಲ್ಲ ಎಂದು ತೋರಿಸಿದೆ. ಅವರು ತಮ್ಮ ಎಡಗಿವಿಯನ್ನು ಮಡಚಿದ ರೊಟ್ಟಿಯಂತೆ ಹಿಡಿದು ನನ್ನ ಮುಂದೆ ಮಾಡಿದರು. ತಲೆಗೆ ತಲೆ ತಿಕ್ಕಿ ಕುಸ್ತಿ ಹಿಡಿಯುವವರ ಕಿವಿ ನಜ್ಜಾಗುತ್ತದೆ, ರಕ್ತ ಕಟ್ಟಿ ಒಣಶುಂಠಿಯಂತೆ ಗಂಟುಗಟ್ಟುತ್ತದೆ. ಅಂಥ ಕಿವಿ ನೋಡಿಯೇ ಜನ ಇವ ಖರೆ ಪೈಲ್ವಾನ ಎಂದು ದಾರಿ ಬಿಡುತ್ತಿದ್ದರು. ನಾನು ಮೂವರ ಕಿವಿಯನ್ನೂ ರಿಪೇರಿ ಮಾಡಿ ಇಟ್ಟಿದ್ದೆ. ಬೇಕೆಂದು ಮಾಡಿದ್ದಲ್ಲ. ಪುಢಾರಿಗಳ ಬೋಳು ತಲೆಗೆ ಕೂದಲು, ಮೆಳ್ಳಗಣ್ಣಿಗೆ ನೇರ ದೃಷ್ಟಿ ಕೊಟ್ಟು ಕೊಟ್ಟು ಕೈಗೆ ಅಂಟಿದ ರೂಢಿ ಅದು.

“ಹೊಟ್ಟಿ ಯಾರಿಗರೆ ಬರ್ತೈತಿ. ಈ ಕಿವಿ ಹಂಗ ಬರೂದಿಲ್ಲ,” ಎಂದರು. ಉಳಿದಿಬ್ಬರೂ ಇದೇ ಕಿವಿಯ ಮಾತಿಗೆ ಅವರಿಗೆ ಫೋನ್ ಮಾಡಿದ್ದರಂತೆ. ನನ್ನ ಮುಖಕ್ಕೆ ಹೇಳಲು ಅವರಿಗೆ ಸಂಕೋಚವಾಯಿತಂತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಬಹಳ ನಾಚಿಕೆಯಾಯಿತು. ಮನೆಗೆ ಬಂದು ದೊಡ್ಡ ಚಿತ್ರದ ಮುಂದೆ ನಿಂತರೆ ಅಲ್ಲಿಯೂ ಅದೇ ಪಾಡು. ಗರಡಿಯ ಬಲಗಡೆ ಗೋಡೆ ನಾನು ಕಂಡಾಗಿನಿಂದ ವಾಲಿದೆ. ಕಟ್ಟೆಯ ಹಿಂದಿನ ಗೋಡೆಗೆ ಎಣ್ಣೆ ಮೈಯವರು ಒರಗಿ ಒರಗಿ ಬೆನ್ನಿನಗಲದ ಕರಿ ಕಲೆಗಳು ಸಾಲಾಗಿ ಬಿದ್ದಿವೆ. ಅದಕ್ಕೆಲ್ಲ ಸುಣ್ಣ ಬಳಿದು ಬಾಗಿಲು ಮುಚ್ಚಿದ್ದೆ. ಮನೆಯವಳು ಬ್ಯಾಂಕು ಎಂದದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ಬೆಳಿಗ್ಗೆ ಗರಡಿಗೆ ಓಡಿದೆ. ಹಂಚು ಇಳಿಸಿ ಆಗಿತ್ತು. ವಸ್ತಾದರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಕಲೆ ಎಷ್ಟು, ಬಿರುಕು ಎಲ್ಲಿಂದ ಎಲ್ಲಿಗೆ ಎಂದು ಬರೆದುಕೊಂಡೆ. ಆಮೇಲೆ ಧೈರ್ಯ ಮಾಡಿ, ಚಿತ್ರಕ್ಕೆ ಕಣದ ಮಣ್ಣು ಒಂದು ಬೊಗಸೆ ಬೇಕಿತ್ತು ಎಂದೆ. ಅವರು ಮೆಲ್ಲಗೆ ಎದ್ದು ಒಳಗೆ ಹೋಗಿ, ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ತಮ್ಮ ಹೆಗಲ ಮೇಲಿನ ಟವೆಲಿನಲ್ಲಿ ಕಟ್ಟಿ ತಂದುಕೊಟ್ಟರು.

ಕಿವಿಗಳನ್ನು ಒಂದು ದಿನದಲ್ಲಿ ಮುರಿದೆ. ಗೋಡೆ ವಾಲಿಸಲು ಒಂದು ವಾರ ಬೇಕಾಯಿತು, ಸ್ಕೇಲಿಗೆ ಒಗ್ಗಿದ ಕೈ ಸೊಟ್ಟ ಗೆರೆಗೆ ಬಗ್ಗುವುದಿಲ್ಲ. ಕೊನೆಗೆ ಬಾಗಿಲು ತೆರೆದು, ಮಣ್ಣನ್ನು ಜರಡಿ ಹಿಡಿದು ಗೋಂದಿನಲ್ಲಿ ಕಲಸಿ ಒಳಗೆ ಬಳಿದೆ. ಪಕ್ಕದಲ್ಲಿ ನನ್ನ ಮೊದಲ ಬೋರ್ಡನ್ನು ಉಗುರಿನಷ್ಟು ಅಕ್ಷರಗಳಲ್ಲಿ ಮತ್ತೆ ಬರೆದೆ. ಅಷ್ಟರಲ್ಲಿ ಖರೆ ಗರಡಿ ನೆಲಸಮವಾಗಿತ್ತು.

ಕಮಿಟಿಯವರೊಬ್ಬರು ಚಿತ್ರ ತೋರಿಸಲು ವಸ್ತಾದರನ್ನು ಆಟೋದಲ್ಲಿ ನಮ್ಮ ಮನೆಗೆ ಕರೆತಂದರು. ಹಿಮ್ಮಡಿ ನೋವಿಗೆ ಡಾಕ್ಟರು ಹೇಳಿದ್ದಾರೆಂದು ನಾನು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತೇನೆ. ಹಾಗೆಯೇ ಚಿತ್ರದ ಪಕ್ಕ ನಿಂತೆ. ವಸ್ತಾದರು ಮೊದಲು ವ್ಯಂಗ್ಯಚಿತ್ರಗಳ ಮೂರು ಎಡಗಿವಿಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಅವರದೇ ವ್ಯಂಗ್ಯಚಿತ್ರ ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ. ಆಮೇಲೆ ಗರಡಿಯ ಮುಂದೆ ನಿಂತರು. ಕರಿ ಕಲೆಗಳನ್ನು ಒಂದೊಂದಾಗಿ ನೋಡುತ್ತ ಬಾಗಿಲಿಗೆ ಬಂದು, ಒಳಗಿನ ಕೆಂಪನ್ನು ನೋಡುತ್ತ ಬಹಳ ಹೊತ್ತು ನಿಂತರು. ನಾನು ‘ಆತು’ ಎಂಬ ಮಾತಿಗೆ ಕಾಯುತ್ತಿದ್ದೆ. ಅವರು ತಿರುಗಿ ನನ್ನ ಕಾಲು ನೋಡಿದರು.

“ಚಪ್ಪಲಿ ಹೊರಗ ಬಿಡಲೇ. ಬೋರ್ಡ ನೀನ ಬರದಿ, ಮರತಿ?”

ಹೊಸ್ತಿಲ ಕಡೆ ನೋಡಿದೆ. ಅವರ ಚಪ್ಪಲಿ ಆಗಲೇ ಹೊರಗಿದ್ದವು. ನನ್ನವನ್ನು ಅವುಗಳ ಪಕ್ಕ ಬಿಟ್ಟು ಬಂದೆ. ಕಣ್ಣು ತುಂಬಿ ಬಂದಿತ್ತು. ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಅವರು ಹೋದ ಮೇಲೆ ಮನೆಯವಳು ಡಾಕ್ಟರ ಮಾತು ನೆನಪಿಸಿದಳು. ಹಿಮ್ಮಡಿ ನೋಯುತ್ತಲೇ ಇತ್ತು. ಆದರೂ ಆ ಚಿತ್ರ ಮನೆಯಲ್ಲಿ ಇರುವವರೆಗೆ ನಾನು ಆ ಖೋಲಿಗೆ ಬರಿಗಾಲಲ್ಲೇ ಹೋದೆ.